ಒಬ್ಬ ಕೊಟ್ರೇಶನಿಗಾಗಿ ನಾಲ್ಕು ಬಾರು

ಇದು ಮೂರು ವರ್ಷದ ಹಿಂದಿನ ಮಾತು. ಬೇಸಿಗೆ ರಜೆ ಇನ್ನೇನು ಹತ್ತಿರ ಬಂದಿತ್ತು. ಅವತ್ತು ಶನಿವಾರ. ಬೆಳಗಿನ ಶಾಲೆ ಮುಗಿಸಿ ಹರಪನಹಳ್ಳಿಯ ನಮ್ಮ ಮನೆಗೆ ಬಂದವಳು ಅಂಟಿನುಂಡೆಗೆಂದು ಕೊಬ್ಬರಿ ತುರಿಯುತ್ತ ಕುಳಿತಿದ್ದೆ. ದಾವಣಗೆರೆಯ ಆಸ್ಪತ್ರೆಯಲ್ಲಿ ನನ್ನ ತಂಗಿ ಶೋಭಾಳಿಗೆ ಬೆಳಿಗ್ಗೆಯಷ್ಟೇ ಹೆಣ್ಣು ಮಗು ಹುಟ್ಟಿತ್ತು. ಸಂಜೆ ಬಸ್ಸಿಗೆ ಹೋಗಿ ಕೂಸನ್ನು ನೋಡಬೇಕು ಎಂಬ ಸಂಭ್ರಮ ನನಗೆ.

ಆಗ ಶೋಭಾಳ ಗಂಡ ಮಂಜಣ್ಣನ ಫೋನು ಬಂತು. ಅವನ ದನಿ ಕೇಳಿದ ಕೂಡಲೇ ತುರಿಯುವ ಕೈ ನಿಂತಿತು.

"ಅಕ್ಕಾ, ಶೋಭಾಗೆ ರಕ್ತ ನಿಲ್ಲವಲ್ದು. ಇದ್ದ ಒಂದು ಬಾಟ್ಲಿ ಹಾಕ್ಯಾರ. ರಾತ್ರಿಯೊಳಗ ಇನ್ನೊಂದು ಹೊಂದಿಸ್ರಿ ಅಂತಾರ. ಓ ನೆಗೆಟಿವ್. ಇಲ್ಲಿ ಎಲ್ಲಾ ಕಡಿ ಕೇಳಿದೆ, ಯಾರ ಹತ್ರಾನೂ ಇಲ್ಲ."

ನಮ್ಮ ಮನೆತನದಲ್ಲಿ ಆ ಗುಂಪಿನ ರಕ್ತ ಶೋಭಾಳಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ. ರಕ್ತದಾನಿಗಳನ್ನು ಒಟ್ಟು ಮಾಡುವ ಒಬ್ಬ ಯುವಕನ ನಂಬರು ಸಹೋದ್ಯೋಗಿಯೊಬ್ಬರ ಹತ್ತಿರ ಸಿಕ್ಕಿತು. ಅವನು ಹೇಳಿದ್ದು ಕೇಳಿ ಅರ್ಧ ಜೀವ ಬಂತು, ಅರ್ಧ ಹೋಯಿತು.

"ನಿಮ್ಮೂರಾಗ ಒಬ್ರು ಅದಾರ ಮೇಡಂ, ಕೊಟ್ರೇಶ ಅಂತ. ಕರೆದಾಗೆಲ್ಲ ಬಂದು ಕೊಡ್ತಾರ. ನಾನು ಮುಖ ನೋಡಿಲ್ಲ, ಫೋನಿನ್ಯಾಗಷ್ಟ ಪರಿಚಯ. ಈಗ ಮಾಡಿದೆ, ಸ್ವಿಚಾಫ್ ಐತಿ. ಶನಿವಾರ ಸಂಜಿ ಮಾತ್ರ ಕರೀಬ್ಯಾಡ್ರಿ, ಗೆಳೆಯರ ಜೊತಿ ಬಾರಿನ್ಯಾಗ ಇರ್ತೀನಿ ಅಂತ ಒಮ್ಮೆ ಹೇಳಿದ್ರು."

"ಯಾವ ಬಾರು?"

"ಅದು ಗೊತ್ತಿಲ್ಲ ಮೇಡಂ. ಆದ್ರ ಕುಡಿದ್ರು ಅಂದ್ರ ಇವತ್ತು ಅವರ ರಕ್ತ ತಗಳಂಗಿಲ್ಲ. ಕುಡಿಯೋದ್ರೊಳಗ ಹಿಡೀರಿ."

ಈಗ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಬಾರು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವವಳು. ಪ್ರತಿ ವರ್ಷ ಮಕ್ಕಳಿಂದ 'ಕುಡಿತದ ದುಷ್ಪರಿಣಾಮಗಳು' ಎಂಬ ಪ್ರಬಂಧ ಬರೆಸುವವಳು. ಶಾಲೆಯ ಹಿಂದೆ ಬಾರು ಬರುತ್ತದೆ ಎಂದಾಗ ಧರಣಿಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತವಳು. ಅಂಥವಳು ಕೊಬ್ಬರಿ ಅಂಟಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಸ್ಕೂಟಿ ಹತ್ತಿ, ಬಾರು ಹುಡುಕುತ್ತ ಹೊರಟೆ.

ಮೊದಲು ಸಿಕ್ಕಿದ್ದು ಹಳೇ ಟಾಕೀಸಿನಲ್ಲಿ ನಡೆಯುವ ಬಾರು. ಗೇಟಿನವರೆಗೆ ಹೋದೆ, ಮುಂದಕ್ಕೆ ಕಾಲು ಏಳಲಿಲ್ಲ. ಗೇಟಿನ ಪಕ್ಕದ ಗಾಡಿಯಲ್ಲಿ ಒಬ್ಬ ಹಿರಿಯರು ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಳ್ಳುತ್ತಿದ್ದರು. ಕಾಲ ತುಂಬ ಸಿಮೆಂಟು, ತಲೆಗೆ ಟವೆಲ್ಲು. ಮುಖ ನೋಡಿದರೆ ನಂಬಬಹುದು ಅನ್ನಿಸಿತು.

"ಯಜಮಾನ್ರೇ, ಒಳಗೆ ಕೊಟ್ರೇಶ ಅಂತ ಇದ್ದಾರಾ ಅಂತ ಒಂದು ಕೂಗು ಹಾಕ್ತೀರಾ?"

"ಯಾವ ಕೊಟ್ರೇಶ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಕೊಟ್ಟೂರು ನಮಗೆ ಹತ್ತಿರ, ಅಲ್ಲಿಯ ದೇವರ ಹೆಸರಿಟ್ಟು ಮನೆ ಮನೆಗೊಬ್ಬ ಕೊಟ್ರೇಶ. ನನ್ನ ತರಗತಿಯಲ್ಲೇ ಆಗ ಮೂವರಿದ್ದರು. ನಾನು ಶಾಲೆಯ ಟೀಚರು ಎಂಬುದರಿಂದ ಹಿಡಿದು ತಂಗಿಯ ವಿಷಯ, ರಕ್ತದ ವಿಷಯ ಎಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಮಿರ್ಚಿ ಪೊಟ್ಟಣವನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡರು.

"ನಾನೊಬ್ಬನ ಹೋಗಿ ಕರದ್ರ ಕುಡಿಯಾಕ ಕರಿಯಾಕತ್ಯಾನ ಅಂತಾರ. ನೀವೂ ಬರ್ರಿ ಟೀಚರಮ್ಮ. ನಿಮ್ಮ ಮುಖ ನೋಡಿದ್ರ ನಿಜ ಅಂತ ಗೊತ್ತಾಕ್ಕೈತಿ. ರಕ್ತ ಕೊಡಾಂವ ಅಂದ್ರ ಎತ್ತಿನಂಥ ಆಳು ಇರಬೇಕು, ನೋಡಿದ ಕೂಡ್ಲೇ ಗುರುತು ಹಿಡಿಯೋಣು."

ಅವರ ಹೆಸರು ದುರುಗಪ್ಪ. ಗಾರೆ ಕೆಲಸದ ಮೇಸ್ತ್ರಿ.

ಒಳಗೆ ಹೋದರೆ ಟಾಕೀಸಿನ ಕುರ್ಚಿಗಳು ಹಾಗೇ ಸಾಲಾಗಿ ಇವೆ. ಟಿಕೆಟ್ ಕಿಂಡಿಯಲ್ಲೇ ಬಾಟಲಿ ಕೊಡುತ್ತಾರೆ. ಗೋಡೆಯ ಮೇಲೆ ಬಾಲ್ಕನಿಗೆ ಒಂದು ದರ, ಗಾಂಧಿ ಕ್ಲಾಸಿಗೆ ಒಂದು ದರ ಬರೆದಿದ್ದಾರೆ. ಗಾಂಧಿ ಕ್ಲಾಸು ಅಗ್ಗ. ಪಾಪ, ಆ ಮಹಾತ್ಮನ ಹೆಸರಿಗೆ ಬಂದ ಗತಿಯೇ ಎಂದುಕೊಂಡೆ. ಜನ ಗ್ಲಾಸು ಹಿಡಿದು, ಸಿನಿಮಾ ಶುರುವಾಗಲಿ ಎಂದು ಕಾದವರಂತೆ, ಎಲ್ಲರೂ ಹರಿದ ಪರದೆಯ ಕಡೆಗೇ ಮುಖ ಮಾಡಿ ಕುಳಿತಿದ್ದರು. ಅಷ್ಟರಲ್ಲಿ ಕತ್ತಲಿನಿಂದ "ಲೇ, ಟೀಚರ್ ಬಂದ್ರಲೇ" ಎಂಬ ಪಿಸುಮಾತು ಕೇಳಿತು. ಒಂದು ಸಾಲು ಪೂರ್ತಿ ಎದ್ದು ನಿಂತಿತು. ನನ್ನ ಹಳೇ ವಿದ್ಯಾರ್ಥಿಗಳು. ಗ್ಲಾಸುಗಳೆಲ್ಲ ಬೆನ್ನ ಹಿಂದೆ.

"ನಮಸ್ಕಾರ ಟೀಚರ್."

ಬೇರೆ ದಿನವಾಗಿದ್ದರೆ ಸಾಲಿಡೀ ಕಿವಿ ಹಿಂಡುತ್ತಿದ್ದೆ. ಅವತ್ತು, "ಕೂತ್ಕೊಳ್ರೋ, ಕೊಟ್ರೇಶ ಅನ್ನೋರು ಯಾರಾದ್ರೂ ಇದ್ದೀರಾ?" ಎಂದೆ. ಮೂವರು ಎದ್ದರು. ಒಬ್ಬನಿಗೆ ಸೂಜಿ ಕಂಡರೆ ತಲೆ ಸುತ್ತುತ್ತದಂತೆ. ಇನ್ನೊಬ್ಬನಿಗೆ ತನ್ನ ಗುಂಪು ಯಾವುದೆಂದೇ ಗೊತ್ತಿಲ್ಲ. ಮೂರನೆಯವನು ಆಗಲೇ ತೂರಾಡುತ್ತಿದ್ದ. "ನಂದು ತಗಳ್ರಿ ಟೀಚರ್, ಯಾವ ಗುಂಪರ ಇರ್ಲಿ" ಎಂದು ತೋಳು ಚಾಚಿದ. ಅವನ ಮನಸ್ಸು ಒಳ್ಳೆಯದೇ. ರಕ್ತ ಮಾತ್ರ ಉಪಯೋಗಕ್ಕಿರಲಿಲ್ಲ.

ಹೊರಗೆ ಬಂದು ದುರುಗಪ್ಪನವರಿಗೆ ಕೈ ಮುಗಿದು ಹೊರಡಲು ನೋಡಿದರೆ, ಅವರು ಸ್ಕೂಟಿಯ ಹಿಂದೆ ಹತ್ತಿ ಕುಳಿತೇಬಿಟ್ಟಿದ್ದರು. "ನಮ್ಮ ಹುಡುಗ್ರು ಕಾಯಾಕತ್ತಿರ್ತಾರ. ಇರ್ಲಿ, ನಾನು ಹೋಗೋಮಟ ಮುಟ್ಟಂಗಿಲ್ಲ ಅವ್ರು. ನಡೀರಿ." ಮಿರ್ಚಿಯ ಮಾತಿರಬೇಕು ಎಂದುಕೊಂಡು ಗಾಡಿ ಓಡಿಸಿದೆ. ಟೀಚರು ಮೇಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಬಾರಿನಿಂದ ಬಾರಿಗೆ ಹೋದದ್ದನ್ನು ಅವತ್ತು ಅರ್ಧ ಊರು ನೋಡಿತು.

ಎರಡನೆಯದು ಕುರಿಗಾರರ ಬಾರು. ದೊಡ್ಡ ಬೇವಿನ ಮರದ ಕೆಳಗೆ ಸಾಲಾಗಿ ಗೂಟ, ಗೂಟಕ್ಕೊಂದು ನಂಬರು. ಕುರಿ ಯಾವ ಗೂಟಕ್ಕೋ ಯಜಮಾನ ಅದೇ ನಂಬರಿನ ಟೇಬಲ್ಲಿಗೆ. ಅಮಲಿನಲ್ಲಿ ಒಬ್ಬರ ಟಗರು ಇನ್ನೊಬ್ಬರು ಹೊಡೆದುಕೊಂಡು ಹೋಗದಿರಲಿ ಎಂದು ಮಾಡಿದ ಏರ್ಪಾಟಂತೆ. ಅಲ್ಲಿ ಇಬ್ಬರು ಕೊಟ್ರೇಶರು. ಇಬ್ಬರದೂ ಬೇರೆ ಗುಂಪು. ಒಬ್ಬ ಅಜ್ಜ ನನ್ನ ಕಥೆ ಕೇಳಿ, ಭಂಡಾರದ ಚೀಲ ಬಿಚ್ಚಿ, ನನ್ನ ಹಣೆಗೆ ಚಿಟಿಕೆ ಅರಿಶಿನ ಹಚ್ಚಿ "ಮೈಲಾರಪ್ಪ ಅದಾನವ್ವ, ಹೋಗು" ಎಂದ.

ಮೂರನೆಯದಕ್ಕೆ ಊರವರು ಡಿಸ್ಕೋ ಬಾರು ಎನ್ನುತ್ತಾರೆ. ಅದರ ಮಾಲೀಕರ ಭಾವಮೈದುನ ಶಾಮಿಯಾನ ಬಾಡಿಗೆಗೆ ಕೊಡುವವನು. ಮದುವೆ ಇಲ್ಲದ ದಿನ ಸಾಮಾನೆಲ್ಲ ಇಲ್ಲಿ ಬಂದು ಬೀಳುತ್ತದೆ. ಹೊತ್ತು ಮುಳುಗುವ ಮೊದಲೇ ಬಾಗಿಲು ಮುಚ್ಚಿ ಕತ್ತಲು ಮಾಡಿ, ಬಣ್ಣದ ದೀಪ ತಿರುಗಿಸಿ, ಟವೆಲ್ಲು ಬೀಸಿ ಕುಣಿಯುತ್ತಿದ್ದರು. ಕೂರಲು ಮದುಮಕ್ಕಳ ಕೆಂಪು ಮಖಮಲ್ಲಿನ ಸಿಂಹಾಸನಗಳು. ಒಂದರಲ್ಲಿ, ಏಳನೇ ತರಗತಿಯವರೆಗೂ ಹನ್ನೆರಡರ ಮಗ್ಗಿ ಬಾರದಿದ್ದ ನನ್ನ ಶಿಷ್ಯನೊಬ್ಬ ರಾಜನ ಹಾಗೆ ಒರಗಿದ್ದ. ನನ್ನನ್ನು ಕಂಡು ಸಿಂಹಾಸನದಿಂದ ಜಿಗಿದವನು, ವಿಷಯ ತಿಳಿದ ಕೂಡಲೇ ಹಾಡು ನಿಲ್ಲಿಸಿ ಮೈಕು ಹಿಡಿದ. "ಕೊಟ್ರೇಶ ಅನ್ನೋರು, ಓ ನೆಗೆಟಿವ್ ಇದ್ದೋರು, ಎಲ್ಲಿದ್ರೂ ಮುಂದ ಬರ್ರಿ." ಯಾರೂ ಬರಲಿಲ್ಲ.

ಅಲ್ಲೇ ಮತ್ತೆ ಮಂಜಣ್ಣನ ಫೋನು. "ಸಿಕ್ಕನೇನಕ್ಕ? ಡಾಕ್ಟ್ರು ಮತ್ತ ಕೇಳಾಕತ್ಯಾರ" ಎಂದ. "ಹುಡುಕ್ತಾ ಇದ್ದೀನಿ" ಎಂದು ಇಟ್ಟುಬಿಟ್ಟೆ. ಹೊರಗೆ ಬಂದು ಸ್ಕೂಟಿ ಹಿಡಿದು ನಿಂತೆ. ಇಷ್ಟು ಹೊತ್ತಿಗೆ ಆ ಕೊಟ್ರೇಶ ಎಲ್ಲೋ ಕುಡಿದು ಮುಗಿಸಿರುತ್ತಾನೆ ಎನ್ನಿಸಿ ಅಳು ತಡೆಯಲಾಗಲಿಲ್ಲ. ದುರುಗಪ್ಪನವರು ಮೆತ್ತಗೆ ಹೇಳಿದರು.

"ಟೀಚರಮ್ಮ, ನಮ್ಮ ಹುಡುಗ್ರು ಮಾರ್ಕೆಟ್ ಯಾರ್ಡಿನ ಹಿಂದ ಅದಾರ. ಅವ್ರನ್ನೂ ಕರಕಂಡು ಬರೋಣು. ನಾಕು ಮಂದಿ ನಾಕು ದಿಕ್ಕಿಗೆ ಹೋದ್ರ ಸಿಗಲಾರದ ಎಲ್ಲಿ ಹೋಗ್ತಾನ?"

ಆ ನಾಲ್ಕನೇ ಬಾರು ಒಂದು ತಗಡಿನ ಶೆಡ್ಡು. ಇಟ್ಟಿಗೆಯ ಕಟ್ಟೆಗಳ ಮೇಲೆ ಒಡೆದ ಕಡಪಾ ಕಲ್ಲು ಹಾಸಿ ಟೇಬಲ್ಲು ಮಾಡಿದ್ದಾರೆ. ಮೂಲೆಯ ಕಲ್ಲಿನ ಮುಂದೆ ನಾಲ್ಕು ಜನ ಕುಳಿತಿದ್ದರು. ನಾಲ್ಕೂ ಗ್ಲಾಸು ತುಂಬಿದ್ದವು, ಐದನೆಯದು ಖಾಲಿ. ಯಾರ ಕೈಯೂ ಗ್ಲಾಸಿನ ಮೇಲಿಲ್ಲ. ಬಿಸಿಯೂಟದ ತಟ್ಟೆ ಮುಂದಿಟ್ಟುಕೊಂಡು ಪ್ರಾರ್ಥನೆ ಮುಗಿಯಲಿ ಎಂದು ಕಾಯುವ ನನ್ನ ಮಕ್ಕಳ ಹಾಗೆ ಕೈಕಟ್ಟಿ ಕುಳಿತಿದ್ದರು.

"ಮಿರ್ಚಿ ತರಾಕ ದಾವಣಗೆರಿಗೆ ಹೋಗಿದ್ದೇನು ಮೇಸ್ತ್ರಿ?" ಎಂದ ಒಬ್ಬ.

"ಮಿರ್ಚಿ ಹಾಳಾಗಿ ಹೋಗ್ಲಿ. ಮೊದ್ಲು ಏಳ್ರಿ" ಎಂದರು ದುರುಗಪ್ಪ. "ಈ ಟೀಚರಮ್ಮನ ತಂಗಿಗೆ ರಕ್ತ ಬೇಕಾಗೈತಿ. ರಕ್ತ ಕೊಡೋ ಕೊಟ್ರೇಶ ಅಂತ ಒಬ್ಬ ಈ ಊರಾಗ ಅದಾನಂತ. ಯಾರಿಗರ ಗೊತ್ತೇನು?"

ಮೂವರು ಮುಖ ಮುಖ ನೋಡಿಕೊಂಡರು. ತುದಿಯಲ್ಲಿದ್ದ ನಾಲ್ಕನೆಯವನು ಸಣ್ಣ ಆಳು, ಕಡ್ಡಿಯಂಥ ಕೈಕಾಲು. ಅವನು ಮೆಲ್ಲಗೆ ಎದ್ದು ನಿಂತ.

"ನಾನ ರೀ ಅದು."

ದುರುಗಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಗುಬ್ಬಿ ಅಲ್ಲೇನಲೇ?"

"ಗುಬ್ಬಿ ಅಂತ ಕರಿಯೋರು ನೀವು ಮೇಸ್ತ್ರಿ. ಹೆಸರು ಕೊಟ್ರೇಶ."

"ಹತ್ತು ವರ್ಷ ಆತಲ್ಲೋ ನನ್ನ ಕೂಡ ಕೆಲಸ ಮಾಡಾಕತ್ತಿ?"

"ಹೆಸರೇನು ಅಂತ ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

ನನ್ನ ಕಣ್ಣು ಮಾತ್ರ ಅವನ ಗ್ಲಾಸಿನ ಮೇಲಿತ್ತು. "ಕುಡಿದಿದ್ದೀಯೇನಪ್ಪಾ?" ಎಂದು ಕೇಳಿದೆ.

"ಇಲ್ರೀ ಟೀಚರ್. ಮೇಸ್ತ್ರಿ ಬರದ ಹೆಂಗ ಕುಡಿಯಾದ್ರಿ?"

ಅವರ ಪದ್ಧತಿ ಏನೆಂದು ಆಗ ತಿಳಿಯಿತು. ಬುನಾದಿ ಅಗೆಯುವ ಮೊದಲು ಇವರು ಹೇಗೆ ಭೂಮಿಗೆ ಪೂಜೆ ಮಾಡುತ್ತಾರೋ ಹಾಗೆ ಕುಡಿಯುವ ಮೊದಲೂ ಭೂಮಿತಾಯಿಗೆ ಕೊಡಬೇಕು. ಗುಂಪಿನ ಹಿರಿಯ ಬೆರಳದ್ದಿ ಮೂರು ಹನಿ ನೆಲಕ್ಕೆ ಚಿಮುಕಿಸುವವರೆಗೆ ಉಳಿದವರು ಗ್ಲಾಸು ಮುಟ್ಟುವಂತಿಲ್ಲ. ಆ ಹಿರಿಯ, ಅಷ್ಟು ಹೊತ್ತೂ ಮಿರ್ಚಿ ಪೊಟ್ಟಣ ಹಿಡಿದು ನನ್ನ ಸ್ಕೂಟಿಯ ಹಿಂದೆ ಕುಳಿತಿದ್ದರು. ಅವರು ನನ್ನ ಜೊತೆ ಅಲೆದದ್ದಕ್ಕೇ ಗುಬ್ಬಿಯ ಗ್ಲಾಸು ತುಂಬಿದ್ದು ತುಂಬಿದಂತೆಯೇ ಇತ್ತು. ಧರಣಿ ಕುಳಿತಿದ್ದ ನಾನು ಆ ಬಾರಿನ ಕಟ್ಟೆಯ ಮೇಲೇ ಕುಸಿದು ಕುಳಿತೆ. ಯಾರೋ ನೀರು ಕೊಟ್ಟರು. ಅಷ್ಟು ತಣ್ಣಗಿನ ನೀರು ನಾನು ಮತ್ತೆ ಕುಡಿದಿಲ್ಲ.

ಬಸ್ಸು ಕಾಯುವುದು ಬೇಡವೆಂದು ಬಾರಿನ ಮಾಲೀಕರು ತಾವೇ ತಮ್ಮ ವ್ಯಾನು ತೆಗೆದರು. ಹಿಂದೆ ಖಾಲಿ ಬಾಟಲಿಗಳ ಕ್ರೇಟು, ಎರಡೂ ಬದಿಗೆ ದೊಡ್ಡ ಅಕ್ಷರದಲ್ಲಿ ಬಾರಿನ ಹೆಸರು. ದಾವಣಗೆರೆಯವರೆಗೂ ಗಣಗಣ ಸದ್ದು. ಹೊಟ್ಟೆ ಖಾಲಿ ಇದ್ದರೆ ರಕ್ತ ತೆಗೆದುಕೊಳ್ಳುವುದಿಲ್ಲವೆಂದು, ದುರುಗಪ್ಪ ಕಿಟಕಿಯಿಂದ ತುರುಕಿದ್ದ ತಣ್ಣನೆ ಮಿರ್ಚಿ ಮಂಡಕ್ಕಿಯನ್ನು ಗುಬ್ಬಿ ದಾರಿಯುದ್ದಕ್ಕೂ ತಿಂದ.

"ರಕ್ತ ಕೊಡೋದನ್ನ ಮೇಸ್ತ್ರಿಗೆ ಯಾಕೆ ಹೇಳಿರ್ಲಿಲ್ಲಪ್ಪ?" ಎಂದು ಕೇಳಿದೆ.

"ಹೇಳಿದ್ರ ಮರುದಿನ ಇಟ್ಟಿಗಿ ಹೊರಾಕ ಬಿಡಂಗಿಲ್ರೀ. ನಿನ್ನ ಮೈಯಾಗ ಏನೈತಿ ಅಂತ ಕೊಡಾಕ ಹೋದಿ ಅಂತಾರ. ತೂಕ ಸರಿ ಐತ್ರಿ ನಂದು, ಪ್ರತಿ ಸಲ ನೋಡೇ ತಗಂತಾರ."

ಆಸ್ಪತ್ರೆಯಲ್ಲಿ ರಕ್ತ ತೆಗೆಯುವಾಕೆ ಹತ್ತಿರ ಬಂದು ಮೂಗು ಅರಳಿಸಿದಳು. "ಕುಡಿದೀರಾ?" ಎಂದಳು. ವ್ಯಾನಿನ ವಾಸನೆ ನಮ್ಮಿಬ್ಬರ ಬಟ್ಟೆಗೂ ಹತ್ತಿತ್ತು. ನಾನು ಮುಂದೆ ಹೋಗಿ, "ಇಲ್ಲಮ್ಮ, ಇವರು ಕುಡಿದಿಲ್ಲ. ಗ್ಲಾಸು ತುಂಬಿತ್ತು, ಮುಟ್ಟಿರಲಿಲ್ಲ. ನಾನೇ ಬಾರಿನಲ್ಲಿ ಕಣ್ಣಾರೆ ನೋಡಿದ್ದೇನೆ" ಎಂದೆ. ಆಕೆ ನನ್ನ ಹಣೆಯ ಭಂಡಾರವನ್ನೂ ಕನ್ನಡಕವನ್ನೂ ವಿಚಿತ್ರವಾಗಿ ನೋಡಿದಳು. ಡಾಕ್ಟರು ಬಂದು ಅವನನ್ನು ಮಾತಾಡಿಸಿ, ಪರೀಕ್ಷಿಸಿ ಒಪ್ಪಿದರು.

ರಾತ್ರಿ ಊಟದ ಹೊತ್ತಿಗೆ ಮಂಜಣ್ಣ ಒಳಗಿನಿಂದ ಬಂದ. "ರಕ್ತ ಹಾಕ್ಯಾರಕ್ಕ. ಸುರಿಯೋದು ನಿಂತೈತಿ. ಕಣ್ಣು ಬಿಟ್ಟು ನಿನ್ನ ಕೇಳಿದ್ಲು" ಎಂದವನೇ ಮಗುವಿನ ಹಾಗೆ ಅತ್ತ. ನಾನೂ ಅತ್ತೆ. ಗುಬ್ಬಿ ಬಿಸ್ಕತ್ತು ತಿನ್ನುತ್ತ ಬೇರೆ ಕಡೆ ನೋಡುತ್ತಿದ್ದ.

ಹರಪನಹಳ್ಳಿಯಿಂದ ಹೊರಡುವಾಗಲೇ ದುರುಗಪ್ಪನವರ ನಂಬರು ಇಸಿದುಕೊಂಡಿದ್ದೆ. ಮೊದಲ ಫೋನು ಅವರಿಗೇ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಮೇಸ್ತ್ರಿ, ತಂಗಿ ಉಳಿದಳು."

ಆ ಕಡೆ, "ತಂಗಿ ಉಳಿದ್ಲಂತ್ರಲೇ" ಎಂದು ಉಳಿದವರಿಗೆ ಹೇಳಿದ್ದು ಕೇಳಿಸಿತು. ಮತ್ತೆ ನನ್ನ ಹತ್ತಿರ ಬಂದರು.

"ಟೀಚರಮ್ಮ, ನೀವು ಹೋದಾಗಿಂದ ಹಂಗ ಕುಂತೀವ್ರಿ. ಯಾರೂ ಮುಟ್ಟಿಲ್ಲ. ಗುಬ್ಬಿ ಗ್ಲಾಸು ಪೂರ್ತಿ ಭೂಮ್ತಾಯಿಗೇ ಹಾಕ್ಬಿಡ್ತೀವಿ. ಉಳಿದದ್ದಕ್ಕ ಮೂರು ಹನಿ ಕೊಡ್ಲೇನ್ರಿ ಈಗ?"

ಕುಡಿತದ ವಿಷಯದಲ್ಲಿ ಅಪ್ಪಣೆ ಕೇಳಲು ಅವರಿಗೆ ನಾನೇ ಸಿಕ್ಕಿದ್ದೆ. "ಕೊಡ್ರಿ ಮೇಸ್ತ್ರಿ" ಎಂದೆ.

ಬಾರಿನ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಪ್ರಬಂಧ ಈಗಲೂ ಬರೆಸುತ್ತೇನೆ. ಶೋಭಾಳ ಮಗಳ ಹುಟ್ಟುಹಬ್ಬದ ದಿನ ದುರುಗಪ್ಪನವರ ಗುಂಪಿಗೆ ಬಿಸಿ ಬಿಸಿ ಮಿರ್ಚಿ ಒಯ್ಯುತ್ತೇನೆ, ಬಾರಿಗಲ್ಲ, ಅವರು ಕೆಲಸ ಮಾಡುವ ಜಾಗಕ್ಕೆ. ಮೇಸ್ತ್ರಿ ಈಗ "ಕೊಟ್ರೇಶಾ" ಎಂದು ಪೂರ್ತಿ ಹೆಸರು ಹಿಡಿದು ಕರೆಯುತ್ತಾರೆ. ಅವನಿಗಿನ್ನೂ ರೂಢಿಯಾಗಿಲ್ಲ, ಎರಡು ಸಲ ಕರೆದ ಮೇಲೆ ತಿರುಗಿ ನೋಡುತ್ತಾನೆ.

ಒಮ್ಮೊಮ್ಮೆ ಶೋಭಾ ಮಗಳನ್ನು ಕರೆದುಕೊಂಡು ಊರಿಗೆ ಬಂದು, ನಮ್ಮ ಅಂಗಳದಲ್ಲಿ ಅವಳ ಹಿಂದೆ ಓಡುತ್ತಿರುತ್ತಾಳೆ. ಅದನ್ನು ನೋಡುವಾಗ ನನಗೆ ಆ ತಗಡಿನ ಶೆಡ್ಡು, ಕೈಕಟ್ಟಿ ಕುಳಿತ ನಾಲ್ಕು ಜನ, ತುಂಬಿದ ನಾಲ್ಕು ಗ್ಲಾಸು ಕಣ್ಣ ಮುಂದೆ ಬರುತ್ತವೆ. ಸದ್ಯ, ಯಾರೂ ಮುಟ್ಟಿರಲಿಲ್ಲ ಎಂದು ಈಗಲೂ ಒಂದು ದೊಡ್ಡ ಉಸಿರು ಬಿಡುತ್ತೇನೆ.