ಇಸ್ಮತ್ ಉಳಿಸಿಕೊಂಡ ನಾಳಿದ್ದು

ಕಳಸದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಸ್ಮತ್ ಎಂಬ ಟೈಲರ್ ಇದ್ದಾಳೆ. ಇಪ್ಪತ್ತೆರಡು ವರ್ಷಗಳಿಂದ ನನ್ನ ರವಿಕೆಗಳನ್ನೆಲ್ಲ ಹೊಲಿದವಳು ಅವಳೇ. ಒಂದನ್ನೂ ಹೇಳಿದ ದಿನಕ್ಕೆ ಕೊಟ್ಟವಳಲ್ಲ. ಯಾವತ್ತು ಕೇಳಿದರೂ "ನಾಳಿದ್ದು ಬನ್ನಿ ಟೀಚರೇ" ಎನ್ನುತ್ತಾಳೆ. ಶಾಲೆಯವರು ನನ್ನನ್ನು ಬೀಳ್ಕೊಡುವ ದಿನಕ್ಕೆಂದು ನಾನು ಹೊಲಿಯಲು ಕೊಟ್ಟ ರೇಷ್ಮೆ ರವಿಕೆ, ನಾನು ನಿವೃತ್ತಳಾಗಿ ಹನ್ನೊಂದು ದಿನವಾದ ಮೇಲೆ ಕೈಗೆ ಬಂತು. ಆದರೂ ನಾನು ಬೇರೆ ಕಡೆ ಹೋದವಳಲ್ಲ. ಅವಳ ಹಾಗೆ ತೋಳು ಕೂರಿಸುವವರು ಈ ಸುತ್ತಿನಲ್ಲಿ ಇಲ್ಲ. ಅದನ್ನು ಅವಳೆದುರು ಹೇಳುವುದಿಲ್ಲ, ಮೊದಲೇ ತಲೆ ಮೇಲೆ ಕೂರುವವಳು.

ನಮ್ಮ ಕಡೆ ಹೆಂಗಸರು ಟೇಪಿಗೆ ಮೈ ಕೊಡುವುದು ಕಡಿಮೆ. ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಹೊಸ ಬಟ್ಟೆಯ ಜೊತೆ ಕೊಟ್ಟು ಬರುತ್ತಾರೆ. ಟೈಲರ್ ಅದನ್ನೇ ಹರಡಿ, ಚಾಕ್‌ನಲ್ಲಿ ಗೆರೆ ಎಳೆದು ಕತ್ತರಿಸುತ್ತಾಳೆ. ಇಸ್ಮತ್ ತನಗೂ ಹಾಗೆಯೇ ಹೊಲಿದುಕೊಳ್ಳುತ್ತಿದ್ದಳು. ಹತ್ತು ವರ್ಷದ ಹಿಂದಿನ ಒಂದು ನೀಲಿ ಕಮೀಜು ಅವಳ ಅಳತೆ.

ಹೋದ ವರ್ಷ ಆ ಅಳತೆಗೆ ಹೊಲಿದ ಹೊಸ ಕಮೀಜು ಎಡಗಡೆ ಎದೆಗೆ ಬಿಗಿಯಾಯಿತು. ಒಗೆದಾಗ ಬಟ್ಟೆ ಕುಗ್ಗಿರಬೇಕು ಎಂದು ಪಕ್ಕದ ಒಂದು ಹೊಲಿಗೆ ಬಿಚ್ಚಿದಳು. ತಿಂಗಳಾದ ಮೇಲೆ ಮತ್ತೆ ಬಿಗಿ. ಕತ್ತರಿಯನ್ನು ಬೈದು ಇನ್ನೊಂದು ಬಿಚ್ಚಿದಳು. ಮೂರನೆಯ ಸಲ ಬಿಚ್ಚುವಾಗ ಒಳಗೆ ಬಿಟ್ಟಿದ್ದ ಬಟ್ಟೆಯೇ ಮುಗಿಯುತ್ತಾ ಬಂದಿತ್ತು. ಊರಿನವರ ಅಳತೆಯನ್ನು ಕಣ್ಣಲ್ಲೇ ಹೇಳುವವಳಿಗೆ, ಬದಲಾಗಿರುವುದು ಕಮೀಜಲ್ಲ, ತನ್ನ ಮೈ ಎಂದು ಹೊಳೆಯಲೇ ಇಲ್ಲ.

ನಾನು ರವಿಕೆಗಾಗಿ ಜಗಳವಾಡಲು ಹೋದಾಗ ಅವಳು ಅದೇ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು.

"ಎಡಗಡೆ ಮಾತ್ರ ಹಿಡೀತದೆ ಟೀಚರೇ. ಇದು ಮೂರನೇ ಸಲ."

"ಒಂದೇ ಕಡೆ ದಪ್ಪ ಆಗೋದು ಎಲ್ಲಾದ್ರೂ ಉಂಟಾ ಮಾರಾಯ್ತಿ? ಕೈ ಹಾಕಿ ನೋಡ್ಕೊಂಡ್ಯಾ?"

ಪರದೆಯ ಹಿಂದೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮುಖ ಸಣ್ಣಗಾಗಿತ್ತು. ನಿಂಬೆಹಣ್ಣಿಗಿಂತ ದೊಡ್ಡ ಗಂಟು, ಗಟ್ಟಿ, ನೋವಿಲ್ಲ ಎಂದಳು.

ಚಿಕ್ಕಮಗಳೂರಿನಲ್ಲಿ ಸರ್ಜನ್ ತನುಜಾ ಸ್ಕ್ಯಾನ್ ಮಾಡಿಸಿದರು, ಸೂಜಿ ಹಾಕಿ ಪರೀಕ್ಷೆ ಮಾಡಿಸಿದರು. ಸಾಮಾನ್ಯ ಗಂಟಿನ ಹಾಗೆ ಕಾಣುತ್ತದೆ, ಆದರೆ ಬೇಗ ಬೆಳೆದಿರುವುದರಿಂದ ತೆಗೆದುಬಿಡೋಣ ಎಂದರು. ತೆಗೆದರು. ಮೂರನೇ ದಿನಕ್ಕೆ ಇಸ್ಮತ್ ಕಳಸಕ್ಕೆ ಬಂದು, "ಡಾಕ್ಟ್ರ ಹೊಲಿಗೆ ಪರವಾಗಿಲ್ಲ, ನೀಟಾಗಿದೆ" ಎಂದು ಸರ್ಟಿಫಿಕೇಟು ಕೊಟ್ಟಳು.

ಎರಡು ವಾರ ಕಳೆದು ಲ್ಯಾಬಿನ ವರದಿ ಬಂತು. ಅವಳ ಗಂಡ, ಜೀಪ್ ರಿಪೇರಿಯ ಅಬ್ದುಲ್ಲಾ, ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಅದು ಫಿಲೋಡ್ಸ್ ಎಂಬ ಗಡ್ಡೆಯಂತೆ. ಬಹಳ ಅಪರೂಪದ್ದು. ನೋಡಲು ಸಾಮಾನ್ಯ ಗಂಟಿನ ಹಾಗೆಯೇ ಇರುವುದರಿಂದ, ಎಷ್ಟೋ ಸಲ ಇಡೀ ಗಂಟನ್ನು ತೆಗೆದು ಪರೀಕ್ಷೆ ಮಾಡಿದ ಮೇಲೆಯೇ ಗೊತ್ತಾಗುವುದು. ಇಸ್ಮತ್‌ಳದ್ದು ಪೂರ್ತಿ ಸಾಧುವೂ ಅಲ್ಲ, ಪೂರ್ತಿ ಕೆಟ್ಟದ್ದೂ ಅಲ್ಲ, ನಡುವಿನದು. ಆದರೆ ಕೊಯ್ದ ಅಂಚಿನಲ್ಲಿ ಅದರ ಕಣಗಳಿದ್ದವು. ಬಿಟ್ಟರೆ ಅಲ್ಲೇ ಮತ್ತೆ ಬೆಳೆಯಬಹುದು, ಇನ್ನೂ ಜೋರಾಗಿ. ಮತ್ತೊಮ್ಮೆ ಕೊಯ್ದು, ಸುತ್ತ ಒಂದು ಸೆಂಟಿಮೀಟರಿನಷ್ಟು ಒಳ್ಳೆಯ ಮಾಂಸವನ್ನೂ ತೆಗೆಯಬೇಕು ಎಂದರು.

ನನಗೆ ಸಿಟ್ಟು ಬಂತು. "ಮೊದಲೇ ತೆಗೀಬಾರ್ದಿತ್ತಾ ಡಾಕ್ಟ್ರೇ?"

"ಸಾಮಾನ್ಯ ಗಂಟಾಗಿದ್ರೆ ಒಳ್ಳೆ ಮಾಂಸ ಸುಮ್ನೆ ಕೊಯ್ದ ಹಾಗಾಗ್ತಿತ್ತಲ್ಲ ಟೀಚರ್" ಎಂದರು. ಮಾತೇನೋ ಸರಿ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಇಸ್ಮತ್ ಎದ್ದು ನಿಂತಳು. "ಒಣಗಿದ ಹೊಲಿಗೆ ಯಾಕೆ ಬಿಚ್ಚೋದು? ಒಳ್ಳೇದನ್ನ ಯಾಕೆ ಕೊಯ್ಯೋದು? ನಾನು ಬರಲ್ಲ."

ಜೀಪು ಕಳಸಕ್ಕೆ ವಾಪಸಾಯಿತು. ಅವಳು ಹೆದರಿದ್ದಳು. ಬರದೇ ಹೋದರೆ ಏನಾದೀತು ಎಂದು ನಾನು ಅವಳಿಗಿಂತ ಹೆಚ್ಚು ಹೆದರಿದ್ದೆ.

ನಾಲ್ಕು ದಿನ ಕಳೆದು, ಅವಳನ್ನು ನೋಡಲು ಒಂದು ನೆಪ ಬೇಕಲ್ಲ, ಟ್ರಂಕಿನಲ್ಲಿ ಇಲಿ ಕಡಿದು ಬಿದ್ದಿದ್ದ ಹಳೆಯ ಸೀರೆಯೊಂದನ್ನು ತೇಪೆ ಹಾಕಲು ಒಯ್ದೆ. ತೂತು ಒಂದು ರೂಪಾಯಿ ಬಿಲ್ಲೆಯಷ್ಟು. ಅವಳು ಅದರ ಸುತ್ತ ಹೆಬ್ಬೆರಳಾಡಿಸಿ, ಅಂಗೈಯಗಲ ಕತ್ತರಿಸತೊಡಗಿದಳು.

"ಅಯ್ಯೋ, ತೂತು ಇರೋದು ಇಷ್ಟೇ. ಅಷ್ಟು ಯಾಕೆ ಕತ್ತರಿಸ್ತೀಯೇ?"

"ಇಲಿ ಬಾಯಿ ಹಾಕಿದ್ರೆ ಸುತ್ತಿನ ನೂಲೂ ಸೋತಿರ್ತದೆ ಟೀಚರೇ. ಕಣ್ಣಿಗೆ ಚೆನ್ನಾಗೇ ಕಾಣ್ತದೆ. ಗಟ್ಟಿ ನೂಲು ಸಿಗೋ ತನಕ ಕತ್ತರಿಸ್ಬೇಕು. ಇಲ್ಲಾಂದ್ರೆ ತೇಪೆ ಪಕ್ಕದಲ್ಲೇ ಮತ್ತೆ..."

ಕತ್ತರಿ ನಿಂತಿತು.

ಮೂವತ್ತಮೂರು ವರ್ಷ ಮಕ್ಕಳಿಗೆ ಬಿಡಿಸಿ ಬಿಡಿಸಿ ಹೇಳಿದವಳು ನಾನು. ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡು ಕೂತೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

"ಡಾಕ್ಟ್ರಿಗೆ ಫೋನ್ ಹಚ್ಚಿ" ಎಂದಳು ಇಸ್ಮತ್. ಆ ಕಡೆಯಿಂದ ಯಾವಾಗ ಬರುತ್ತೀರಿ ಎಂದು ಕೇಳಿರಬೇಕು. "ನಾಳಿದ್ದು" ಎಂದಳು.

ಅವಳ ನಾಳಿದ್ದು ನನಗೆ ಗೊತ್ತಿಲ್ಲವೇ! ಹೇಳಿದ ದಿನದ ಬೆಳಿಗ್ಗೆ ಅವಳನ್ನು ಮನೆಯಿಂದ ಎಳೆದು ತರುವುದೇ ಸರಿ ಎಂದು ಸೀರೆ ಉಡುತ್ತಿದ್ದೆ. ಗೇಟಿನಲ್ಲಿ ಹಾರ್ನ್ ಕೇಳಿತು. ನೋಡಿದರೆ ಅಬ್ದುಲ್ಲಾನ ಜೀಪು. ಮುಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಇಸ್ಮತ್.

"ಎಷ್ಟು ಹೊತ್ತು ಟೀಚರೇ? ಹೇಳಿದ ಹೊತ್ತಿಗೆ ಹೊರಡೋದು ಬೇಡ್ವಾ?"

ಇದನ್ನು ನನಗೆ ಹೇಳಿದಳು, ನನಗೆ!

ಡಾಕ್ಟರ್ ಎದೆಯ ಮೇಲೆ ಪೆನ್ನಿನಿಂದ ಗೆರೆ ಎಳೆಯುವಾಗ, "ಸ್ವಲ್ಪ ಹೊರಗೇ ಎಳೀರಿ ಡಾಕ್ಟ್ರೇ, ಜಿಪುಣತನ ಬೇಡ" ಎಂದಳಂತೆ. ತನುಜಾ ಆಪರೇಷನ್ ಮುಗಿಸಿ ಹೊರಗೆ ಬಂದು ನಮಗೆ ಅದನ್ನೇ ಮೊದಲು ಹೇಳಿ ನಕ್ಕರು. ಹತ್ತು ದಿನಕ್ಕೆ ವರದಿ ಬಂತು. ಅಂಚು ಸುತ್ತಲೂ ಚೊಕ್ಕಟ. ಆರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು. ಅಬ್ದುಲ್ಲಾ ಎಲ್ಲರೆದುರೇ ಅತ್ತುಬಿಟ್ಟ. ನಾನು ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದು ಬಂದೆ.

ಗಾಯ ಮಾಗಿದ ಮೇಲೆ ಒಂದು ದಿನ ಇಸ್ಮತ್ ನನ್ನನ್ನು ಪರದೆಯ ಹಿಂದೆ ಕರೆದು ಟೇಪು ಕೈಗೆ ಕೊಟ್ಟಳು. "ಅಳೀರಿ. ಮಧ್ಯದಿಂದ ಕಂಕುಳ ತನಕ, ಎರಡೂ ಕಡೆ."

ಎಡಗಡೆ ಒಂದೂವರೆ ಇಂಚು ಕಮ್ಮಿ ಬಂತು. "ಎರಡೂ ಒಂದೇ" ಎಂದೆ.

"ಸುಳ್ಳು ಹೇಳ್ಬೇಡಿ ಟೀಚರೇ. ಬಟ್ಟೆ ಹಾಳಾಗ್ತದೆ."

ಒಂದೂವರೆ ಕಮ್ಮಿ ಎಂದೆ. ಅವಳು ಚಾಕ್‌ನಲ್ಲಿ ಗೋಡೆಯ ಮೇಲೆ ಎರಡೂ ಅಂಕೆ ಬರೆದಳು. ಹಳೆಯ ನೀಲಿ ಕಮೀಜನ್ನು ನಾಲ್ಕು ತುಂಡು ಮಾಡಿ ಮಿಷನ್ನಿನ ಎಣ್ಣೆ ಒರೆಸಲು ಇಟ್ಟುಕೊಂಡಳು. ಆಮೇಲೆ ಟೇಪನ್ನು ನನ್ನಿಂದ ಕಿತ್ತುಕೊಂಡು, "ಈಗ ನಿಮ್ಮದು, ಸೆರಗು ತೆಗೀರಿ" ಎಂದಳು. ಈಗ ಅವಳ ಅಂಗಡಿಯಲ್ಲಿ ಅಳತೆ ರವಿಕೆ ನಡೆಯುವುದಿಲ್ಲ. ಯಾರೇ ಬಂದರೂ ಪರದೆಯ ಹಿಂದೆ ನಿಲ್ಲಲೇಬೇಕು. ಎರಡು ಬದಿಯ ಲೆಕ್ಕ ತಾಳೆಯಾಗದಿದ್ದರೆ ತನುಜಾ ಡಾಕ್ಟರ ನಂಬರು ಬರೆದುಕೊಟ್ಟೇ ಬಟ್ಟೆ ತೆಗೆದುಕೊಳ್ಳುತ್ತಾಳೆ.

ನನ್ನ ಇಲಿ ಕಡಿದ ಸೀರೆ ಇನ್ನೂ ಅವಳ ಹತ್ತಿರವೇ ಇದೆ. ಕೇಳಿದರೆ ನಾಳಿದ್ದು ಎನ್ನುತ್ತಾಳೆ. ಹೇಳಲಿ. ಇನ್ನೂ ಇಪ್ಪತ್ತು ವರ್ಷ ಹೇಳುತ್ತಲೇ ಇರಲಿ.