ಹಸಿರು ಚೀಟಿ ಸಿಗದ ವ್ಯಾನು

ನಮ್ಮ ತಂದೆ ಬಹಳ ವರ್ಷ ತ್ಯಾಮಗೊಂಡ್ಲು ಮತ್ತು ನೆಲಮಂಗಲದ ನಡುವೆ ಡೀಸೆಲ್ ಟೆಂಪೋ ಓಡಿಸುತ್ತಿದ್ದರು. ಬೆಳಿಗ್ಗೆ ಜನ, ಮಧ್ಯಾಹ್ನ ತೆಂಗಿನಕಾಯಿ, ಮದುವೆ ದಿನಗಳಲ್ಲಿ ಅಡುಗೆ ಪಾತ್ರೆ, ಶಾಮಿಯಾನ. ಅದರ ಎಂಜಿನ್ ಡ್ರೈವರ್ ಪಕ್ಕದಲ್ಲೇ ಒಂದು ತಗಡಿನ ಮುಚ್ಚಳದ ಕೆಳಗಿರುತ್ತಿತ್ತು. ಚಳಿಗಾಲದಲ್ಲಿ ಆ ಮುಚ್ಚಳದ ಮೇಲೆ ಗೋಣಿಚೀಲ ಹಾಸಿಕೊಂಡು ಕೂರಲು ನನಗೂ ಅಣ್ಣನಿಗೂ ದಿನವೂ ಜಗಳ. ಬೆಚ್ಚಗೆ ಕೂತು ಶಾಲೆ ತಲುಪುವ ಹೊತ್ತಿಗೆ ನನ್ನ ಲಂಗವೆಲ್ಲ ಡೀಸೆಲ್ ವಾಸನೆ. ಜೊತೆಯ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಅಪ್ಪನ ವಾಸನೆ.

ಟೆಂಪೋಗೆ ವಯಸ್ಸಾದಂತೆ ಹೊಗೆ ಹೆಚ್ಚಿತು. ಹೊಗೆ ತಪಾಸಣೆಯಲ್ಲಿ ಪಾಸಾಗುವುದೇ ಕಷ್ಟವಾಯಿತು. ಪೊಲೀಸರು ಹಿಡಿಯುತ್ತಾರೆಂದು ಅಪ್ಪ ಬೆಂಗಳೂರಿಗೆ ಬಾಡಿಗೆ ಹೋಗುವುದನ್ನು ನಿಲ್ಲಿಸಿದರು. ಆಮೇಲೆ ಗಾಡಿಯನ್ನೇ ಮಾರಿಬಿಟ್ಟರು. ಕೊಂಡವರು ಬಂದ ದಿನ ಅಪ್ಪ ತೋಟದಿಂದ ಈಚೆಗೆ ಬರಲಿಲ್ಲ. ಕೀ ಕೊಟ್ಟವಳು ಅಮ್ಮ.

ಇದಾಗಿ ಕೆಲವು ವರ್ಷ ಕಳೆದಿತ್ತು. ನಾನು ನೆಲಮಂಗಲದ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಅಪ್ಪ ತಟ್ಟನೆ ತಲೆಯೆತ್ತಿದರು.

“ಕೇಳ್ತಾ ಐತೇನವ್ವಾ? ನಮ್ ಟೆಂಪೋ ಬರ್ತಾ ಐತೆ.”

ನನಗೂ ಹಾಗೇ ಕೇಳಿಸಿತು. ಆದರೆ ತಿರುವಿನಿಂದ ಬಂದದ್ದು ಎತ್ತರದ, ಮಾಸಲು ಬಿಳಿ ಬಣ್ಣದ ವ್ಯಾನು. ಅದರ ಮುಂಭಾಗದಿಂದ ಬುಸುಬುಸು ಆವಿ ಏಳುತ್ತಿತ್ತು. ನಮ್ಮ ಬೇಲಿಯ ಪಕ್ಕಕ್ಕೆ ಬಂದು ನಿಂತೇಹೋಯಿತು. ಇಳಿದವರು ಬಿಳಿಗೂದಲಿನ ಒಬ್ಬ ವಿದೇಶಿ ಹೆಂಗಸು. ಜರ್ಮನಿಯವರು. ಶಾಲೆಯ ಅಡುಗೆಮನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಒಬ್ಬರೇ ಆ ವ್ಯಾನಿನಲ್ಲಿ ಜರ್ಮನಿಯಿಂದ ದೇಶದೇಶ ದಾಟಿ ಇಲ್ಲಿವರೆಗೆ ಬಂದಿದ್ದರು. ಹೈವೇಯ ಲಾರಿಗಳಿಗೆ ಹೆದರಿ ಒಳದಾರಿ ಹಿಡಿದಿದ್ದರಂತೆ.

ಅಪ್ಪ ಮುಂದಿನ ಮುಚ್ಚಳ ಎತ್ತಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನಮ್ದೇ ಎಂಜಿನ್ ಕಣವ್ವಾ. ಅಣ್ತಮ್ಮ ಇದ್ದಂಗೈತೆ,” ಎಂದರು. ನಮ್ಮ ಟೆಂಪೋದ ಎಂಜಿನ್ನೂ ಮೂಲತಃ ಜರ್ಮನ್ ಕಂಪನಿಯೊಂದರ ನಕ್ಷೆಯಂತೆ ಮಾಡಿದ್ದು.

ಕೆಟ್ಟದ್ದು ಎಂಜಿನ್ ತಣಿಸುವ ವಾಟರ್ ಪಂಪ್. ಅಪ್ಪ ನೆಲಮಂಗಲದ ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಹಳೆ ಟೆಂಪೋದ ಪಂಪ್ ಹುಡುಕಿಸಿ ತರುವುದಾಗಿ ಅವನು ಒಪ್ಪಿಕೊಂಡ. ಅಲ್ಲಿಯವರೆಗೆ ಆಕೆ ನಮ್ಮ ಅಂಗಳದಲ್ಲೇ ಉಳಿದರು. ವ್ಯಾನಿನಲ್ಲೇ ಮಲಗುತ್ತಿದ್ದರು, ನಮ್ಮ ಜೊತೆ ಊಟ ಮಾಡುತ್ತಿದ್ದರು. ಮುದ್ದೆಯನ್ನು ಅಗಿಯಬಾರದೆಂದು ಅಮ್ಮ ಅವರಿಗೆ ನುಂಗಿ ನುಂಗಿ ತೋರಿಸಿದಳು. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರು.

ಒಂದು ಸಂಜೆ ಅಪ್ಪ ನನ್ನ ಮೂಲಕ ಕೇಳಿದರು, “ನಿಮ್ಮೂರಲ್ಲಿ ಇದ್ರಲ್ಲಿ ಎಲ್ಲೆಲ್ಲಿ ತಿರುಗ್ತೀರಿ?”

“ಪಟ್ಟಣದೊಳಗೆ ಬಿಡುವುದಿಲ್ಲ,” ಎಂದರು ಆಕೆ.

ಆಮೇಲೆ ವಿವರಿಸಿದರು. ಅಲ್ಲಿ ಎಷ್ಟೋ ಪಟ್ಟಣಗಳ ಅಂಚಿನಲ್ಲಿ ಕೆಂಪು ವೃತ್ತ ಬರೆದ ಬೋರ್ಡ್ ನೆಟ್ಟಿರುತ್ತಾರೆ. ಅದನ್ನು ದಾಟಬೇಕಾದರೆ ಗಾಡಿಯ ಮುಂದಿನ ಗಾಜಿಗೆ ಹಸಿರು ಚೀಟಿ ಅಂಟಿಸಿರಬೇಕು. ಹೊರದೇಶದಿಂದ ಬಂದ ಕಾರಿಗೂ ಅದೇ ನಿಯಮ. ಚೀಟಿ ಇಲ್ಲದೆ ಒಳಗೆ ಸುಮ್ಮನೆ ನಿಲ್ಲಿಸಿದ್ದರೂ ದಂಡ. ಎಂಜಿನ್ ಎಷ್ಟು ಹೊಗೆ ಬಿಡುತ್ತದೆ ಎಂದು ಗಾಡಿಯ ದಾಖಲೆ ನೋಡಿ ಚೀಟಿ ಕೊಡುತ್ತಾರೆ. ಇವರ ವ್ಯಾನಿಗೆ ಅದು ಸಿಗುವಂತೆಯೇ ಇರಲಿಲ್ಲ.

“ನನ್ನ ತಾಯಿ ಪಟ್ಟಣದ ನಡುಮಧ್ಯೆ ಇದ್ದಾಳೆ. ನಾನು ಹೊರಗಿನ ಹಳ್ಳಿಯಲ್ಲಿ. ಅವಳನ್ನು ನೋಡಲು ಹೋದಾಗ ವ್ಯಾನನ್ನು ಹೊರಗೇ ನಿಲ್ಲಿಸಿ ಟ್ರಾಮ್ ಹತ್ತುತ್ತೇನೆ. ಅವಳಿಗೆ ಅಷ್ಟು ದೂರ ಬಂದು ಇದನ್ನು ಹತ್ತುವ ಶಕ್ತಿ ಇಲ್ಲ.”

“ಸಿಟ್ಟು ಬರಲ್ವಾ?” ಅಪ್ಪನ ದನಿಯಲ್ಲೇ ಸಿಟ್ಟಿತ್ತು.

ಆಕೆ ಯೋಚಿಸಿ ಹೇಳಿದರು, “ಅಮ್ಮನ ಮನೆ ದೊಡ್ಡ ರಸ್ತೆಗೆ ಅಂಟಿಕೊಂಡಿದೆ. ಮುಂಚೆ ಬಾಲ್ಕನಿಯಲ್ಲಿ ಬಟ್ಟೆ ಹರವಿದರೆ ಸಂಜೆಯೊಳಗೆ ಮಸಿ ಕೂರುತ್ತಿತ್ತು. ಈಗ ಅಷ್ಟಿಲ್ಲ. ಅವಳ ಕೆಮ್ಮೂ ಕಡಿಮೆಯಾಗಿದೆ. ಹೇಗೆ ಸಿಟ್ಟು ಮಾಡಿಕೊಳ್ಳಲಿ? ಬೇಸರ ಮಾತ್ರ ಇದೆ.”

ನಾನು ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಅಮ್ಮ, “ನಮ್ ಹೈವೇಗೂ ಅಂಥದೊಂದು ಬೋರ್ಡ್ ಹಾಕ್ಸಿ ಅಂತ ಹೇಳು,” ಎಂದಳು. ಅಪ್ಪ ಅವಳನ್ನು ದುರುಗುಟ್ಟಿ ನೋಡಿದರು.

ಊರಿಗೆ ಮರಳಿದ ಮೇಲೆ ವ್ಯಾನನ್ನು ಮಾರುವುದೆಂದು ಆಕೆ ನಿರ್ಧರಿಸಿಬಿಟ್ಟಿದ್ದರು. ಮಾರುವ ಮುಂಚೆ ಒಂದು ದೊಡ್ಡ ಸುತ್ತಾಟ, ಅಷ್ಟೇ. ಅದನ್ನು ಕೇಳಿ ಅಪ್ಪ ಎದ್ದು ಹೊರಗೆ ಹೋದರು.

ಮರುದಿನ ಪಂಪ್ ಬಂತು. ಮೆಕ್ಯಾನಿಕ್ ಸ್ವಲ್ಪ ಉಜ್ಜಿ ಹೊಂದಿಸಿ ಕೂರಿಸಿದ. ಆಕೆ ಕೀಯನ್ನು ಅಪ್ಪನ ಅಂಗೈಯಲ್ಲಿಟ್ಟು, ಓಡಿಸಿ ನೋಡಿ ಎಂದು ಸನ್ನೆ ಮಾಡಿದರು. ಸ್ಟೇರಿಂಗ್ ಎಡಕ್ಕಿತ್ತು. ಗೇರ್ ಹಾಕಲು ಅಪ್ಪನ ಎಡಗೈ ಪದೇ ಪದೇ ಬಾಗಿಲಿಗೆ ಬಡಿಯುತ್ತಿತ್ತು. ತ್ಯಾಮಗೊಂಡ್ಲುವರೆಗೆ ಹೋಗಿ ಬಂದೆವು. ಬಸ್‌ಸ್ಟಾಪಿನಲ್ಲಿ ನಿಂತಿದ್ದ ಹಳೆಯ ಪ್ರಯಾಣಿಕರೊಬ್ಬರು ಅಪ್ಪನನ್ನು ನೋಡಿ ಅಭ್ಯಾಸಬಲದಿಂದ ಕೈ ಅಡ್ಡ ಹಾಕಿದರು. ಅಪ್ಪ ಗಾಡಿ ನಿಲ್ಲಿಸಿ ಅವರನ್ನು ಹತ್ತಿಸಿಕೊಂಡೇಬಿಟ್ಟರು.

ಮನೆ ಮುಂದೆ ಇಳಿದಾಗ ಅಪ್ಪನ ಮುಖ ಕೆಂಪಾಗಿತ್ತು. “ಮಾರ್ಬೇಡಿ ಅಂತ ಹೇಳವ್ವಾ,” ಎಂದರು.

ನಾನು ಹೇಳಿದೆ. ಇಟ್ಟುಕೊಂಡು ಏನು ಮಾಡಲಿ ಎಂದು ಆಕೆ ಕೇಳಿದರು.

“ಏನೂ ಮಾಡೋದು ಬೇಡ. ನಿಂತಿರ್ಲಿ. ನಾನು ಮಾರ್ಬಿಟ್ಟೆ. ಈಗ ಎಲ್ಲೈತೋ, ಐತೋ ಇಲ್ವೋ ಗೊತ್ತಿಲ್ಲ.” ಟೆಂಪೋ ಮಾರಿದ ಮೇಲೆ ಅಪ್ಪ ಅದರ ಬಗ್ಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಅಪ್ಪನ ಕೈ ಹಿಡಿದುಕೊಂಡರು. ಮಾರನೆಯ ಬೆಳಿಗ್ಗೆ, ಅಮ್ಮ ಕಟ್ಟಿಕೊಟ್ಟ ಹುಣಸೆ ತೊಕ್ಕನ್ನು ತೆಗೆದುಕೊಂಡು ಹೊರಟರು.

ವರ್ಷವೊಂದು ಕಳೆದ ಮೇಲೆ ನನ್ನ ಮೊಬೈಲಿಗೆ ಅವರ ಸಂದೇಶ ಬಂತು. ವ್ಯಾನನ್ನು ಮಾರಿರಲಿಲ್ಲ. ಅದಕ್ಕೆ ಮೂವತ್ತು ವರ್ಷ ತುಂಬಿತ್ತು. ಅಷ್ಟು ಹಳೆಯದಾದ, ಮೂಲ ರೂಪ ಕೆಡದಂತೆ ಉಳಿಸಿಕೊಂಡ ಗಾಡಿಯನ್ನು ಪರೀಕ್ಷಿಸಿ ಅಲ್ಲಿ ಬೇರೆ ತರಹದ ನಂಬರ್ ಪ್ಲೇಟ್ ಕೊಡುತ್ತಾರಂತೆ. ಅದಿದ್ದರೆ ಹಸಿರು ಚೀಟಿ ಬೇಕಿಲ್ಲ. ಕೆಂಪು ಬೋರ್ಡ್ ದಾಟಿ ನೇರವಾಗಿ ತಾಯಿಯ ಬಾಗಿಲಿಗೇ ಹೋಗಿದ್ದರು. ಜೊತೆಗೊಂದು ಫೋಟೋ: ಮುಂದಿನ ಸೀಟಿನಲ್ಲಿ ಮೊಣಕಾಲಿಗೆ ಕಂಬಳಿ ಹೊದ್ದ ಪುಟ್ಟ ಮುದುಕಿ.

ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು. ಅಮ್ಮನೂ ಇಣುಕಿದಳು.

“ಮೆಟ್ಲು ಎತ್ತರ ಐತಲ್ಲ, ಅವರವ್ವ ಹೆಂಗೆ ಹತ್ತಿದ್ರಂತೆ?”

“ಸ್ಟೂಲ್ ಇಟ್ಟಿರ್ತಾರೆ,” ಎಂದರು ಅಪ್ಪ.

“ಕೇಳವ್ವಾ ಸುಮ್ನೆ,” ಎಂದಳು ಅಮ್ಮ ನನಗೆ.

ಕೇಳಿದೆ. ಉತ್ತರ ಬರುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು. ಪಕ್ಕದ ಮನೆಯ ಇಬ್ಬರು ಬಂದು ಕುರ್ಚಿ ಸಮೇತ ಎತ್ತಿ ಹತ್ತಿಸಿದರಂತೆ. ತಾಯಿ ಮಗಳು ಎಲ್ಲಿಗೂ ಅಂತ ಹೋಗಲಿಲ್ಲ, ಪಟ್ಟಣದಲ್ಲಿ ಎರಡು ಸುತ್ತು ಹಾಕಿ, ನದಿಯ ಪಕ್ಕ ನಿಲ್ಲಿಸಿ ಐಸ್‌ಕ್ರೀಮ್ ತಿಂದು ಬಂದರಂತೆ. ಅದನ್ನು ಅಪ್ಪ ಇನ್ನೊಂದು ಸಲ ಓದಿಸಿಕೊಂಡರು.