ಕೋಟೆ ಬಾಗಿಲಿನ ಬಂಕೋಲೆ

ಲಂಡನ್ನಿನ ಪೆಕ್ಹಮ್‌ನ ರೈ ಲೇನಿನಲ್ಲಿ ಬಂಕೋಲೆಯ ಗುರುತು ಇಲ್ಲದವರೆಂದರೆ ನಿನ್ನೆ ಮೊನ್ನೆ ವಿಮಾನ ಇಳಿದವರು ಮಾತ್ರ. ಆಯುಷ್ಯದ ಬಹುಪಾಲು ಕೆಂಪು ಬಸ್ಸು ಓಡಿಸಿದ ಮನುಷ್ಯ. ಆದರೂ ಯಾರಾದರೂ ಡ್ರೈವರ್ ಎಂದರೆ ಮುಖ ಸಿಂಡರಿಸುತ್ತಿದ್ದ. ಅವನ ಪ್ರಕಾರ ಬಸ್ಸು ಹೊಟ್ಟೆಪಾಡು, ಅವನು ನಟ. ಹೆಗ್ಗೆಣಸಿನ ಅಂಗಡಿಯವರು, ಒಣಮೀನಿನ ಅಂಗಡಿಯವರು ಇದನ್ನು ಕೇಳಿ ಕೇಳಿ ಸುಸ್ತಾಗಿ, ಕಡೆಗೆ ಒಪ್ಪಿಕೊಂಡಿದ್ದರು.

ಹುಚ್ಚು ಹತ್ತಿದ್ದು ಹುಟ್ಟೂರು ಅಬೆಯೊಕುಟದಲ್ಲಿ, ಚಿಕ್ಕಂದಿನಲ್ಲಿ. ನಾಟಕ ಕಂಪನಿಯ ಲಾರಿ ಡೋಲು ಬಾರಿಸುತ್ತ ಊರೊಳಗೆ ಬಂತೆಂದರೆ ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಹಿಂದೆ ಓಡುತ್ತಿದ್ದ. ರಾಜನ ಪಾತ್ರದವನು ಲಾರಿಯ ಮೇಲೆ ಮಣಿಗಳ ಕಿರೀಟ ತೊಟ್ಟು ಕೂತಿರುತ್ತಿದ್ದ. ಲಾರಿ ಎಷ್ಟೇ ಕುಲುಕಿದರೂ ಆ ಮನುಷ್ಯ ಕುಲುಕುತ್ತಿರಲಿಲ್ಲ. ಬಂಕೋಲೆಗೆ ಅಂದಿನಿಂದ ಅದೊಂದೇ ಕನಸು. ಲೆಕ್ಕಪತ್ರ ಓದುತ್ತೇನೆಂದು ಅಪ್ಪನನ್ನು ನಂಬಿಸಿ ಲಂಡನ್ನಿಗೆ ಬಂದವನು ಓದಲೂ ಇಲ್ಲ, ರಾಜನಾಗಲೂ ಇಲ್ಲ.

ರಜೆಯ ದಿನ ಟೀವಿಯಲ್ಲಿ ಸಣ್ಣಪುಟ್ಟ ಪಾತ್ರ ಸಿಗುತ್ತಿತ್ತು. ಟ್ಯಾಕ್ಸಿಯವನು, ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವನು, ಬ್ಯಾಂಕಿನ ಬಾಗಿಲು ಕಾಯುವವನು. ಅದು ಟೀವಿಯಲ್ಲಿ ಬಂದ ದಿನ ಮನೆಯಲ್ಲಿ ಹಬ್ಬ. ಹೆಂಡತಿ ಮೊರೆನಿಕೆ ಜೊಲೊಫ್ ಅನ್ನ ಮಾಡಿ, ನರ್ಸ್ ಕೆಲಸದ ಗೆಳತಿಯರನ್ನೆಲ್ಲ ಕರೆದು ಟೀವಿ ಮುಂದೆ ಕೂರಿಸುತ್ತಿದ್ದಳು.

"ನೋಡ್ರೇ, ನೋಡ್ರೇ. ಬಂತು ನಮ್ಮೆಜಮಾನ್ರ ಮೊಣಕೈ."

"ಎಲ್ಲಿ?"

"ಹೋಯ್ತು. ರೆಪ್ಪೆ ಬಡೀಬಾರದು ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

ಬಂಕೋಲೆಗೆ ಮೊಣಕೈ ಸಾಕಾಗಿರಲಿಲ್ಲ. ಅವನಿಗೆ ಕೋಟೆಯೊಳಗೆ ಹೋಗಬೇಕಿತ್ತು. ಕತ್ತಿ, ಮಾಟಗಾತಿ, ಬೆಂಕಿ ಉಗುಳುವ ರೆಕ್ಕೆಹಾವು ಇರುವ ಧಾರಾವಾಹಿಗಳಿಗೆಲ್ಲ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ. ಆರಿಸುವವರು ಅವನ ಕಪ್ಪು ಮುಖ ನೋಡಿ ನಯವಾಗಿಯೇ ಹೇಳುತ್ತಿದ್ದರು, ಈ ಕಥೆ ನಡೆಯುವ ಕಾಲದಲ್ಲಿ ನಿಮ್ಮಂಥವರು ಅಲ್ಲಿ ಇರಲಿಲ್ಲವಲ್ಲ ಎಂದು. ಒಂದು ಸಲ ಮಾತ್ರ ಅವನಿಗೆ ತಡೆಯಲಾಗಲಿಲ್ಲ. "ರೆಕ್ಕೆಹಾವು ಇತ್ತೋ?" ಎಂದು ಕೇಳಿ ಬಂದುಬಿಟ್ಟ. ಅವತ್ತು ಸಂಜೆ ಬಸ್ಸನ್ನು ಎಷ್ಟು ಬಿರುಸಾಗಿ ಓಡಿಸಿದನೆಂದರೆ ಅಜ್ಜಿಯೊಬ್ಬಳು ಇಳಿಯುವಾಗ ಬೈದೇ ಇಳಿದಳು.

ಆ ಸಿಟ್ಟನ್ನೆಲ್ಲ ಅವನು ಚರ್ಚಿನ ಹಾಲ್‌ನಲ್ಲಿ ತೀರಿಸಿಕೊಂಡ. ಪ್ರತಿ ಶನಿವಾರ ಕೇರಿಯ ಮಕ್ಕಳಿಗೆ ನಾಟಕ ಕಲಿಸಿದ. ಕ್ರಿಸ್‌ಮಸ್ಸಿಗೆ ರಾಜನ ಆಟ ಕಡ್ಡಾಯ. ಮೊರೆನಿಕೆ ಬಾಗಿಲಿನ ಮಣಿ ಪರದೆ ಬಿಚ್ಚಿ ಅಬೆಯೊಕುಟದ ನಮೂನೆಯ ಕಿರೀಟ ಮಾಡಿಕೊಟ್ಟಳು, ಮುಖದ ಮುಂದೆ ಮಣಿಸರ ಇಳಿಬೀಳುವಂಥದ್ದು. ರಾಜ ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಕಿರೀಟ ಬಂಕೋಲೆಯದ್ದು. ಮಕ್ಕಳಿಗೆ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ.

"ಕತ್ತಿ ಬೀಸೋದು ಯಾರ್ ಬೇಕಾದ್ರೂ ಕಲೀತಾರೆ. ಕೂತ್ಕೊಳ್ಳೋದು ಕಲೀರಿ. ರಾಜ ಅಂದ್ರೆ ಕೂತ್ಕೊಳ್ಳೋದು," ಎನ್ನುತ್ತಿದ್ದ.

ಬಾಗಿಲು ಕಾಯುವ ಪಾತ್ರ ಯಾವಾಗಲೂ ಗೋಕೆಯದು. ಅಲಸಂದೆ ವಡೆ ಕರಿದು ಮಾರುವ ಟಿಟಿಲಾಯೊ ಎಂಬವಳ ಮಗ, ಕಡ್ಡಿಯಂಥ ಹುಡುಗ, ದಿನಾ ತಡವಾಗಿ ಬರುವವನು. ಆದರೆ ಮರ್ಯಾದೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಿರಿಯರು ಕಂಡರೆ ಎದೆ ನೆಲಕ್ಕೆ ತಾಗುವಂತೆ ಅಡ್ಡಬೀಳಬೇಕೆಂದು ಅಮ್ಮ ಕಲಿಸಿದ್ದಳು. ರೈ ಲೇನಿನ ಕೆಸರಿನಲ್ಲೂ ಬಂಕೋಲೆ ಎದುರಾದರೆ ಧೊಪ್ಪನೆ ಬೀಳುತ್ತಿದ್ದ. ಹಿಂದೆ ಬರುತ್ತಿದ್ದವರು ಎಡವುತ್ತಿದ್ದರು.

ಆ ಗೋಕೆ ಬೆಳೆದ. ನಟನೆಯ ಶಾಲೆಗೆ ಹೋದ. ಮೊದಮೊದಲು ಕಳ್ಳನಾದ, ಆಮೇಲೆ ಡಾಕ್ಟರನಾದ. ಒಂದು ದಿನ ದೊಡ್ಡ ಧಾರಾವಾಹಿಯೊಂದರಲ್ಲಿ, ರೆಕ್ಕೆಹಾವು ಇರುವಂಥದ್ದರಲ್ಲೇ, ರಾಜನಾಗಿಬಿಟ್ಟ. ಆ ರಾಜ್ಯಕ್ಕೆ ಕಪ್ಪು ರಾಜನೇ ಎಂದು ಯಾರ‍್ಯಾರೋ ಫೋನಿನಲ್ಲಿ ಬರೆದು ಕೆಂಡ ಕಾರಿದರು.

"ಆ ಹಾವಿನ ಪಾಸ್‌ಪೋರ್ಟ್ ಯಾರೂ ಕೇಳ್ಲಿಲ್ವಂತಾ?" ಎಂದಳು ಮೊರೆನಿಕೆ.

ಬಂಕೋಲೆ ನಕ್ಕ. ಖುಷಿಯೂ ಆಗಿತ್ತು, ಹೊಟ್ಟೆಯೊಳಗೆ ಒಂದಿಷ್ಟು ಉರಿಯೂ ಇತ್ತು. ಸುಳ್ಳೇಕೆ ಹೇಳಬೇಕು, ಅವನೂ ಮನುಷ್ಯನೇ. ಅಷ್ಟರಲ್ಲಿ ಗೋಕೆಯೇ ಮನೆಗೆ ಬಂದು, ಹೊಸಿಲಲ್ಲೇ ಅಡ್ಡಬಿದ್ದು, "ಬಾಬಾ, ಕೋಟೆ ಬಾಗಿಲು ಕಾಯೋ ಮುದುಕನ ಪಾತ್ರ ಇದೆ. ನಿಮ್ಮನ್ನೇ ಹಾಕ್ಕೊಳ್ಳಿ ಅಂತ ಹೇಳಿದೀನಿ. ಬರ್ತೀರಾ?" ಎಂದ.

ಇಬ್ಬರೂ ಹೋದರು. ಹಳೆಯ ವಿಮಾನಗಳ ಶೆಡ್ಡಿನೊಳಗೆ ಕೋಟೆ ಎದ್ದಿತ್ತು. ಬಂಕೋಲೆ ಕಲ್ಲಿನ ಗೋಡೆ ಸವರಿದರೆ ಅದು ಬೆರಳಿಗೆ ಹಾಸಿಗೆಯಂತೆ ಮೆತ್ತಗೆ ತಗ್ಗಿತು. ಆದರೂ ಅವನ ಕಣ್ಣು ತುಂಬಿತು. ಅಂತೂ ಒಳಗೆ ಬಂದಿದ್ದ.

ದೃಶ್ಯ ಇಷ್ಟೇ. ಶತ್ರುಗಳಿಗೆ ಬಾಗಿಲು ತೆರೆದ ಕಾವಲುಗಾರ ರಾಜನ ಮುಂದೆ ಮಂಡಿಯೂರಬೇಕು. ರಾಜ ಸಿಂಹಾಸನದಲ್ಲಿ ಕದಲದೆ ಕೂತು ಅವನನ್ನು ದಿಟ್ಟಿಸಬೇಕು. ಆದರೆ ರಾಜನೆಂದ ಮೇಲೆ ಬಂಕೋಲೆಗೆ ಮಂಡಿ ಎಲ್ಲಿ ಸಾಕಾಗುತ್ತದೆ? ಉದ್ದಕ್ಕೆ ನೆಲಕ್ಕೇ ಬಿದ್ದ. ಅವನು ಬೀಳುವುದೇ ತಡ, ರಾಜ ಸಿಂಹಾಸನದಿಂದ ದಡಕ್ಕನೆ ಎದ್ದು ತಾನೂ ಅರ್ಧ ಬಗ್ಗಿಬಿಟ್ಟ.

ಮತ್ತೆ ತೆಗೆದರು. ಮತ್ತೆ ಎದ್ದ. ನಿರ್ದೇಶಕಿ ಹ್ಯಾರಿಯೆಟ್ ತಾಳ್ಮೆಯ ಹೆಂಗಸು. ಅವಳಿಗೆ ಆ ಅಡ್ಡಬೀಳುವುದು ಬಹಳ ಹಿಡಿಸಿತ್ತು. ಆದರೆ ಬಂಕೋಲೆ ಅಡ್ಡಬೀಳದೆ ಬರೀ ಮಂಡಿಯೂರಿದಾಗಲೂ ಗೋಕೆ ಎದ್ದ. ಕಡೆಗೆ ಅವಳು ಬಂಕೋಲೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: "ಬೇಜಾರು ಮಾಡ್ಕೋಬೇಡಿ. ಊಟ ಆದ್ಮೇಲೂ ಹೀಗೇ ಆದ್ರೆ, ಇದನ್ನ ಬೇರೆ ಯಾರಿಗಾದ್ರೂ ಕೊಡ್ತೀನಿ. ನೀವು ಹಿಂದಿನ ಗುಂಪಲ್ಲಿ ನಿಂತ್ಕೊಳ್ಳಿ."

ಹಿಂದಿನ ಗುಂಪು ಎಂದರೆ ಮತ್ತೆ ಮೊಣಕೈ. ಬಂಕೋಲೆ ನೇರ ಗೋಕೆಯ ಮೇಕಪ್ ಗಾಡಿಗೆ ನಡೆದ. ಹುಡುಗ ತಲೆ ತಗ್ಗಿಸಿ ಕೂತಿದ್ದ.

"ಬಾಬಾ, ಬೇಕಂತ ಮಾಡ್ತಿಲ್ಲ. ನೀವು ಬೀಳ್ತಿದ್ದಂಗೇ ಕಾಲು ತಾನಾಗೇ ಏಳುತ್ತೆ. ಅಮ್ಮ ನೋಡಿದ್ರೆ ಸೌಟಲ್ಲೇ ಬಾರಿಸ್ತಾಳೆ."

"ಈ ಕಿರೀಟ ಯಾರೋ ಹಾಕಿದ್ದು ನಿಂಗೆ?"

"ಮೇಕಪ್ ಹುಡುಗಿ. ಪಿನ್ ಹಾಕಿ."

"ಅದಕ್ಕೇ ಮತ್ತೆ. ಪಿನ್ ಹಾಕಿದ್ರೆ ಟೋಪಿ ಆಗುತ್ತೆ, ರಾಜ ಆಗಲ್ಲ. ನಮ್ಮೂರಲ್ಲಿ ಹಿರೀಕರು ಬೆನ್ನ ಹಿಂದೆ ನಿಂತು ತೊಡಿಸ್ತಾರೆ. ತೊಡಿಸಿದ ಮೇಲೆ ಅಪ್ಪ ಇಲ್ಲ, ದೊಡ್ಡಪ್ಪ ಇಲ್ಲ. ಹೆತ್ತ ತಾಯಿನೂ ಮಂಡಿ ಊರ್ತಾಳೆ. ತಿರುಗ್ಕೊಂಡು ಕೂತ್ಕೋ."

"ಚರ್ಚಲ್ಲಿ ಕಿರೀಟ ಮುಟ್ಟೋಕೇ ಬಿಡ್ತಿರ್ಲಿಲ್ಲ ನೀವು," ಎಂದ ಗೋಕೆ, ನಗಲು ನೋಡುತ್ತ.

"ಅದನ್ನ ಹೊರೋ ತಲೆ ಇರ್ಲಿಲ್ಲ ಆಗ. ಸುಮ್ನೆ ಕೂತ್ಕೋ."

ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಂಕೋಲೆ ಕಿರೀಟವನ್ನು ಎರಡೂ ಕೈಯಲ್ಲಿ ಎತ್ತಿದ. ತಗಡಿನದು, ಬಣ್ಣ ಹೊಡೆದದ್ದು. ಕುಲುಕುವ ಲಾರಿಯ ಮೇಲೆ ಕುಲುಕದೆ ಕೂತ ಆ ಮನುಷ್ಯನ ನೆನಪಾಯಿತು. ತಾನು ಇಷ್ಟು ವರ್ಷ ಇಂಥ ಕಿರೀಟಕ್ಕೆ ಕಾದದ್ದು ತನ್ನ ತಲೆಗೆಂದು. ನೋವಾಯಿತು, ಚೆನ್ನಾಗಿಯೇ ನೋವಾಯಿತು. ಆಮೇಲೆ ಹುಡುಗನ ತಲೆಯ ಮೇಲೆ ಇಟ್ಟ. ಇಟ್ಟವನೇ ಮುಂದೆ ಬಂದು, ಆ ಇಕ್ಕಟ್ಟಿನ ಗಾಡಿಯೊಳಗೆ, ಕೈತೊಳೆಯುವ ಬೇಸಿನ್ನಿನ ಕೆಳಗೆ ತಲೆ ತೂರಿಸಿ ಉದ್ದಕ್ಕೆ ಅಡ್ಡಬಿದ್ದ.

"ಕಬಿಯೆಸಿ," ಎಂದ, ಅವರ ಊರಲ್ಲಿ ರಾಜನಿಗೆ ಮಹಾಪ್ರಭು ಎನ್ನುವ ಹಾಗೆ.

ಗೋಕೆಯ ಕಾಲು ತಾನಾಗಿ ಏಳಲು ನೋಡಿತು. ಏಳಲಿಲ್ಲ.

ಊಟದ ನಂತರ ಒಂದೇ ಸಲಕ್ಕೆ ದೃಶ್ಯ ಮುಗಿಯಿತು. ಹ್ಯಾರಿಯೆಟ್ ಸಾಕು ಎಂದ ಮೇಲೂ ಬಂಕೋಲೆ ನೆಲದಿಂದ ಏಳಲಿಲ್ಲ, ಮಂಡಿ ಹಿಡಿದುಕೊಂಡಿತ್ತು. ಗೋಕೆ ಓಡಿಬರಲು ನೋಡಿದ.

"ಮೊದ್ಲು ಕಿರೀಟ ತೆಗೆದಿಟ್ಟು ಬಾರೋ," ಎಂದು ನೆಲದಿಂದಲೇ ಗದರಿದ ಬಂಕೋಲೆ. ಹುಡುಗ ಅದನ್ನು ಸಿಂಹಾಸನದ ಮೇಲಿಟ್ಟು, ಬಂದು, ಮುದುಕನ ಎದುರಿಗೆ ತಾನೂ ಅಡ್ಡಬಿದ್ದ. ಇಬ್ಬರನ್ನೂ ಯಾರು ಮೊದಲು ಎಬ್ಬಿಸಬೇಕೆಂದು ತಿಳಿಯದೆ ಜನ ಸುತ್ತ ನಿಂತರು.

ಟೀವಿಯಲ್ಲಿ ಬಂದ ದಿನ ಮೊರೆನಿಕೆ ಯಾರನ್ನೂ ಕರೆಯಲಿಲ್ಲ. ಅವರಿಬ್ಬರೇ ಕೂತರು, ಜೊಲೊಫ್ ತಟ್ಟೆ ತೊಡೆಯ ಮೇಲೆ. ಕೋಟೆ ಬಾಗಿಲು ತೆರೆಯಿತು. ಮುದುಕನೊಬ್ಬ ಬಂದು ಅಡ್ಡಬಿದ್ದ. ಅಡ್ಡಬಿದ್ದವನ ಮುಖ ಕಾಣುವುದೆಂತು? ಕಂಡದ್ದು ಬೆನ್ನು ಮಾತ್ರ, ಮತ್ತು ಕಾವಲುಗಾರನ ಟೋಪಿ. ಬಂಕೋಲೆ ಹೆಂಡತಿಯ ಮಾತಿಗೆ ಕಾದ. ಇವತ್ತು ಅವಳು ಏನಂದರೂ ಸರಿಯೇ ಎಂದುಕೊಂಡ.

ಮೊರೆನಿಕೆ ತಟ್ಟೆ ಪಕ್ಕಕ್ಕಿಟ್ಟಳು. ಸೋಫಾದ ತೋಳು ಹಿಡಿದು, ನೋಯುವ ಮಂಡಿಗಳನ್ನು ಬೈಯುತ್ತ, ಟೀವಿಯ ಮುಂದೆ ನೆಲಕ್ಕಿಳಿದು ಮಂಡಿಯೂರಿದಳು.

"ಯಾಕೆ ಹಂಗೆ ನೋಡ್ತೀರಾ? ನೀವೇ ತೊಡಿಸಿದ ಕಿರೀಟ ಅಲ್ವಾ?" ಎಂದಳು.

ಬಂಕೋಲೆಯೂ ಮೆಲ್ಲಗೆ ಇಳಿದು ಅವಳ ಪಕ್ಕದಲ್ಲಿ ಕೂತ. ಪರದೆಯ ತುಂಬ ಈಗ ರಾಜನ ಮುಖ. ಕಣ್ಣಿನಲ್ಲಿ ನೀರು ತುಂಬಿ ನಿಂತಿತ್ತು, ಕೆಳಗೆ ಬೀಳಲಿಲ್ಲ. ವಡೆ ಮಾರುವ ಟಿಟಿಲಾಯೊಳ ಮಗ ಕದಲದೆ ಕೂತಿದ್ದ.